ಜ್ವರದಲ್ಲಿ ಮಲಗಿದವರ ಕೊಲೆಸ್ಟ್ರಾಲ್ ವರದಿಯನ್ನು ಓದುವ ಬಗೆ

ಸಂಪಾದಕರಿಗೆ,

ಮಾನ್ಯರೇ,

ರಕ್ತದಲ್ಲಿ ಕೊಲೆಸ್ಟ್ರಾಲ್ ಕಡಿಮೆ ಇರುವವರು ಆಸ್ಪತ್ರೆ ಸೇರಿದಾಗ ತೀವ್ರ ಸೋಂಕಿಗೆ ತುತ್ತಾಗುವ ಸಂಭವ ಹೆಚ್ಚು ಎಂಬ ಅರ್ಥದ ಕಿರುಬರಹವೊಂದು ಇತ್ತೀಚೆಗೆ ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಪ್ರಕಟವಾಗಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅರ್ಧಕ್ಕೆ ನಿಂತ ಆ ಮಾತು ನಮ್ಮ ಬಂಧುಗಳ ಮನೆಯಲ್ಲಿ, ಮತ್ತು ಡೊಂಬಿವಲಿಯ ನಮ್ಮ ಕಟ್ಟಡದಲ್ಲೇ ಇನ್ನೆರಡು ಮನೆಗಳಲ್ಲಿ, ವೈದ್ಯರು ಬರೆದುಕೊಟ್ಟಿದ್ದ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಗಳು ನಿಂತುಹೋಗುವುದಕ್ಕೆ ಕಾರಣವಾಯಿತು. ಮುಂಬಯಿಯ ಮಹಾನಗರಪಾಲಿಕೆಯ ಆಸ್ಪತ್ರೆಯೊಂದರ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ 31 ವರ್ಷ ತಂತ್ರಜ್ಞೆಯಾಗಿ ದುಡಿದು ನಿವೃತ್ತಳಾದವಳು ನಾನು. ವೈದ್ಯೆಯಲ್ಲ; ಆದರೆ ಈ ಅಂಕಿಗಳನ್ನು ದಿನವೂ ವರದಿಗೆ ಇಳಿಸಿ ಸಹಿ ಹಾಕಿದವಳಾದ್ದರಿಂದ, ಕಾಯಿಲೆಯವರ ರಕ್ತದಲ್ಲಿ ಅವು ಹೇಗೆ ಏರುಪೇರಾಗುತ್ತವೆ ಎಂಬುದನ್ನು ಓದುಗರ ಮುಂದಿಡುವ ಹೊಣೆ ನನ್ನದೂ ಹೌದೆಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಭಾವನವರಿಗೆ ಈಗ 64 ವರ್ಷ. ಥಾಣೆಯಲ್ಲಿ ಬಹುಕಾಲ ಕ್ಯಾಂಟೀನು ನಡೆಸಿದವರು. ನಾಲ್ಕು ವರ್ಷಗಳ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಲಾಗಿದೆ, ಸಕ್ಕರೆ ಕಾಯಿಲೆಯೂ ಇದೆ. ಅಂದಿನಿಂದ ರಾತ್ರಿ ಊಟದ ನಂತರದ ಅಟೋರ್ವಾಸ್ಟ್ಯಾಟಿನ್ ಎಂಬ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಜಾತಿಯ ಮಾತ್ರೆಯನ್ನು ಅವರು ಒಂದು ದಿನವೂ ತಪ್ಪಿಸಿದವರಲ್ಲ. ಕಳೆದ ಚಳಿಗಾಲದಲ್ಲಿ ಕನ್ನಡ ಸಂಘವೊಂದರ ಉಚಿತ ತಪಾಸಣಾ ಶಿಬಿರದಲ್ಲಿ ಅವರ ಒಟ್ಟು ಕೊಲೆಸ್ಟ್ರಾಲ್ ಡೆಸಿಲೀಟರಿಗೆ 148 ಮಿಲಿಗ್ರಾಂ ಇತ್ತು. ಕೆಟ್ಟದ್ದೆನ್ನುವ ಎಲ್‌ಡಿಎಲ್ 82, ಒಳ್ಳೆಯದೆನ್ನುವ ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಬಗೆಯ ಕೊಬ್ಬು 160. ಈ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿದರು, ಎರಡನೆಯ ದಿನವೇ ರಕ್ತದೊತ್ತಡ ಕುಸಿದು ಐಸಿಯುಗೆ ಹೋದರು. ಅಲ್ಲಿ ಮೂರನೆಯ ದಿನ, ಪ್ಯಾಕೇಜಿನಲ್ಲಿ ಸೇರಿದೆ ಎಂಬ ಕಾರಣಕ್ಕೆ, ಲಿಪಿಡ್ ಪ್ರೊಫೈಲ್ ಎಂಬ ರಕ್ತದ ಕೊಬ್ಬಿನ ಪರೀಕ್ಷೆಯನ್ನೂ ಮಾಡಿದರು. ಒಟ್ಟು ಕೊಲೆಸ್ಟ್ರಾಲ್ 94, ಎಲ್‌ಡಿಎಲ್ 38, ಎಚ್‌ಡಿಎಲ್ 14, ಟ್ರೈಗ್ಲಿಸರೈಡ್ 210 ಎಂದು ವರದಿ ಬಂತು.

ಅಂದು ರಾತ್ರಿ ಅಕ್ಕನ ಮಗ ಫೋನ್ ಮಾಡಿ, "ಚಿಕ್ಕಮ್ಮ, ಅಪ್ಪನ ಕೊಲೆಸ್ಟ್ರಾಲ್ ಪೂರ್ತಿ ಇಳಿದಿದೆ, ಇನ್ನು ಆ ಮಾತ್ರೆ ಬೇಡವಲ್ಲ?" ಎಂದು ಕೇಳಿದ. ಆತಂಕದ ನಡುವೆ ಅವನಿಗೆ ಸಿಕ್ಕ ಒಂದೇ ಒಂದು ಸಮಾಧಾನದ ಸುದ್ದಿ ಅದು. ನಾನು ಅದನ್ನೂ ಕಿತ್ತುಕೊಳ್ಳಬೇಕಾಯಿತು. ಎರಡು ವಾರ ಕಳೆದು, ಭಾವನವರು ಮನೆಗೆ ಬಂದ ಮೇಲೆ, ಅದೇ ಹುಡುಗ ತಮ್ಮ ಪತ್ರಿಕೆಯ ತುಣುಕನ್ನು ಹಿಡಿದುಕೊಂಡು ಬಂದು, ಮಾತ್ರೆಯಿಂದ ಕೊಲೆಸ್ಟ್ರಾಲನ್ನು ಅಷ್ಟು ಇಳಿಸಿದ್ದರಿಂದಲೇ ಅಪ್ಪನಿಗೆ ನಂಜೇರಿತು ಎಂದ. ಒಂದೇ ವರದಿ ಮೊದಲು ಸಂತೋಷಕ್ಕೆ, ಆಮೇಲೆ ಭಯಕ್ಕೆ ಕಾರಣವಾಗಿತ್ತು. ಎರಡು ಸಲವೂ ತೀರ್ಮಾನ ಮಾತ್ರ ಒಂದೇ ಆಗಿತ್ತು: ಮಾತ್ರೆ ನಿಲ್ಲಿಸುವುದು. ಈ ಎರಡೂ ಓದುಗಳು ಏಕೆ ತಪ್ಪು ಎಂಬುದನ್ನು ಸ್ವಲ್ಪ ವಿಸ್ತರಿಸಿ ಹೇಳಲು ಅವಕಾಶ ಕೊಡಬೇಕು.

ಕೊಬ್ಬು ನೀರಿನಲ್ಲಿ ಕರಗದ ಕಾರಣ ಯಕೃತ್ತು ಮತ್ತು ಕರುಳು ಅದನ್ನು ಪ್ರೋಟೀನಿನ ಹೊದಿಕೆಯುಳ್ಳ ಸೂಕ್ಷ್ಮ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತವೆ. ಎಲ್‌ಡಿಎಲ್, ಎಚ್‌ಡಿಎಲ್ ಎಂದು ನಾವು ಕರೆಯುವುದು ಇಂಥ ಕಣಗಳನ್ನೇ. ಒಂದನ್ನು ಕೆಟ್ಟದ್ದು, ಇನ್ನೊಂದನ್ನು ಒಳ್ಳೆಯದು ಎಂದು ಕರೆಯುವ ವಾಡಿಕೆ ಹೃದ್ರೋಗದ ಲೆಕ್ಕದಿಂದ ಬಂದದ್ದು. ಸೋಂಕಿನ ಸಮಯದಲ್ಲಿ ಈ ಕಣಗಳಿಗೆ ಬೇರೆಯೇ ಒಂದು ಕೆಲಸವಿದೆ. ಮೂತ್ರದ ಸೋಂಕಿಗೆ ಹೆಚ್ಚಾಗಿ ಕಾರಣವಾಗುವ ಇ. ಕೋಲಿ, ಐಸಿಯುಗಳನ್ನು ಕಾಡುವ ಕ್ಲೆಬ್ಸಿಯೆಲ್ಲಾ ಮುಂತಾದ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಎಂಡೋಟಾಕ್ಸಿನ್ ಎಂಬ ವಿಷವಸ್ತು ಇರುತ್ತದೆ. ಅದರ ಒಂದು ತುದಿ ಕೊಬ್ಬಿನಿಂದಲೇ ಆದದ್ದು. ನಮ್ಮ ದೇಹದ ರಕ್ಷಣಾ ಕೋಶಗಳನ್ನು ಕೆರಳಿಸುವುದೂ ಆ ಕೊಬ್ಬಿನ ತುದಿಯೇ. ಎಚ್‌ಡಿಎಲ್ ಕಣವು ಆ ತುದಿಯನ್ನು ತನ್ನೊಳಗೆ ಹುದುಗಿಸಿಕೊಂಡು ವಿಷದ ಉಪಟಳವನ್ನು ತಗ್ಗಿಸುತ್ತದೆ. ಕೆಟ್ಟದ್ದೆಂದು ಹೆಸರಾದ ಎಲ್‌ಡಿಎಲ್ ಕೂಡ ಅದರ ಒಂದು ಪಾಲನ್ನು ಹೊತ್ತು ಯಕೃತ್ತಿಗೆ ಒಯ್ದು ಒಪ್ಪಿಸುತ್ತದೆ. ಆದ್ದರಿಂದ ಈ ಕಣಗಳು ತೀರ ಕಡಿಮೆಯಾದರೆ ನಂಜನ್ನು ಹೀರಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ ಎಂಬ ಮಾತಿಗೆ ಆಧಾರವಿದೆ. ತಮ್ಮ ಪತ್ರಿಕೆಯ ಬರಹ ನಿಂತದ್ದು ಇಲ್ಲಿಗೆ.

ಹೇಳದೇ ಬಿಟ್ಟದ್ದು ಇನ್ನೊಂದು ದಿಕ್ಕಿನ ಮಾತು. ಸೋಂಕು ತೀವ್ರವಾದಾಗ ದೇಹವೇ ಈ ಕಣಗಳನ್ನು ಇಳಿಸಿಬಿಡುತ್ತದೆ. ಯಕೃತ್ತು ತನ್ನ ಎಂದಿನ ಕೆಲಸಗಳನ್ನು ಹಿಂದಕ್ಕಿಟ್ಟು ಉರಿಯೂತಕ್ಕೆ ಬೇಕಾದ ಪ್ರೋಟೀನುಗಳನ್ನು ತಯಾರಿಸತೊಡಗುತ್ತದೆ. ಎಚ್‌ಡಿಎಲ್ ಕಣದ ಮುಖ್ಯ ಪ್ರೋಟೀನಿನ ಜಾಗದಲ್ಲಿ ಸೀರಮ್ ಅಮೈಲಾಯ್ಡ್ ಎಂಬ ಬೇರೊಂದು ಪ್ರೋಟೀನು ಬಂದು ಕೂರುತ್ತದೆ. ಕೊಬ್ಬನ್ನು ಒಡೆಯುವ ಕಿಣ್ವಗಳು ಕಣಗಳನ್ನು ಬೇಗಬೇಗನೆ ಕರಗಿಸುತ್ತವೆ. ಸೂಕ್ಷ್ಮ ರಕ್ತನಾಳಗಳು ಸೋರತೊಡಗಿ ಕಣಗಳು ಹೊರಗೆ ಜಾರುತ್ತವೆ. ಇದೆಲ್ಲದರ ಮೇಲೆ ಬಾಟಲಿಗಟ್ಟಲೆ ಏರಿಸಿದ ಸಲೈನ್ ರಕ್ತವನ್ನು ತೆಳುಮಾಡುತ್ತದೆ. ಹೀಗೆ ಕೆಲವೇ ದಿನಗಳಲ್ಲಿ ಎಚ್‌ಡಿಎಲ್ ಅರ್ಧಕ್ಕೂ ಕೆಳಗೆ ಇಳಿಯುವುದು ಐಸಿಯುಗಳಲ್ಲಿ ಅಪರೂಪವಲ್ಲ. ಭಾವನವರ 34 ಎಂಬ ಅಂಕಿ 14 ಆದದ್ದು ಹೀಗೆ. ಅವರ ಮಾತ್ರೆ ಅದನ್ನು ಇಳಿಸಲಿಲ್ಲ. ಆ ಜಾತಿಯ ಮಾತ್ರೆಗಳು ಎಚ್‌ಡಿಎಲ್ ಅನ್ನು ಇಳಿಸುವುದೂ ಇಲ್ಲ.

ಟ್ರೈಗ್ಲಿಸರೈಡ್ ಮಾತ್ರ ಇಂಥ ಹೊತ್ತಿನಲ್ಲಿ ಏರುವುದೇ ಹೆಚ್ಚು. ಐಸಿಯುವಿನಿಂದ ಬಂದ ನಳಿಗೆಯನ್ನು ಯಂತ್ರದಲ್ಲಿ ತಿರುಗಿಸಿ ತೆಗೆದರೆ, ತಿಳಿಹಳದಿಯಾಗಿ ನಿಲ್ಲಬೇಕಾದ ಸೀರಮ್ ಹಾಲಿನಂತೆ ಬೆಳ್ಳಗೆ ನಿಂತದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ವೆಂಟಿಲೇಟರಿನಲ್ಲಿರುವವರಿಗೆ ನಿದ್ದೆ ಬರಿಸಲು ಕೊಡುವ ಪ್ರೊಪೊಫಾಲ್ ಔಷಧಿಯೇ ಕೊಬ್ಬಿನ ದ್ರಾವಣದಲ್ಲಿ ಬರುವುದರಿಂದ ಅದೂ ಈ ಅಂಕಿಯನ್ನು ಏರಿಸುತ್ತದೆ. ಬಹಳಷ್ಟು ಲ್ಯಾಬುಗಳಲ್ಲಿ ಎಲ್‌ಡಿಎಲ್ ನೇರವಾಗಿ ಅಳೆದದ್ದಲ್ಲ, 1972ರಿಂದ ಬಳಕೆಯಲ್ಲಿರುವ ಸೂತ್ರದಂತೆ ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಅನ್ನೂ ಟ್ರೈಗ್ಲಿಸರೈಡಿನ ಐದನೆಯ ಒಂದು ಪಾಲನ್ನೂ ಕಳೆದು ತೆಗೆದದ್ದು. ಟ್ರೈಗ್ಲಿಸರೈಡ್ 400 ದಾಟಿದರೆ ಆ ಸೂತ್ರ ನಡೆಯುವುದಿಲ್ಲ. ಹೀಗಿರುವಾಗ ಐಸಿಯು ಮಂಚದಿಂದ ಬಂದ ಲಿಪಿಡ್ ವರದಿಯನ್ನು ಶಿಬಿರದ ವರದಿಯ ಪಕ್ಕದಲ್ಲಿಟ್ಟು ಏರಿತು, ಇಳಿಯಿತು ಎಂದು ಹೋಲಿಸುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಕಾರಣ ಯಾವುದು, ಪರಿಣಾಮ ಯಾವುದು ಎಂದು ತಿಳಿಯುವುದು ಹೇಗೆ? ಸಂಶೋಧಕರು ಇದನ್ನು ಎರಡು ದಾರಿಗಳಿಂದ ಪರೀಕ್ಷಿಸಿದ್ದಾರೆ. ಆರೋಗ್ಯವಾಗಿ ಓಡಾಡುತ್ತಿರುವವರ ರಕ್ತವನ್ನು ಮೊದಲೇ ಅಳೆದಿಟ್ಟುಕೊಂಡು ಮುಂದೆ ಯಾರಿಗೆ ಸೋಂಕು ಬರುತ್ತದೆಂದು ವರ್ಷಗಟ್ಟಲೆ ಕಾದು ನೋಡುವುದು ಒಂದು. 2018ರಲ್ಲಿ ಪ್ರಕಟವಾದ ಕೋಪನ್‌ಹೇಗನ್ ನಗರದ ಅಧ್ಯಯನದಲ್ಲಿ ಸುಮಾರು 97 ಸಾವಿರ ಜನರನ್ನು ಹೀಗೆ ಗಮನಿಸಿದಾಗ, ಎಚ್‌ಡಿಎಲ್ 31ಕ್ಕಿಂತ ಕಡಿಮೆ ಇದ್ದವರಲ್ಲಿ ಸೋಂಕಿನಿಂದ ಆಸ್ಪತ್ರೆ ಸೇರುವ ಸಂಭವ ಹೆಚ್ಚಾಗಿ ಕಂಡಿತು; ಆಶ್ಚರ್ಯವೆಂದರೆ 100ಕ್ಕಿಂತ ಹೆಚ್ಚು ಇದ್ದವರಲ್ಲಿಯೂ ಅದು ಹೆಚ್ಚಾಗಿತ್ತು. ಒಳ್ಳೆಯ ಕೊಲೆಸ್ಟ್ರಾಲ್ ಎಷ್ಟಿದ್ದರೂ ಒಳ್ಳೆಯದೇ ಎಂಬ ಜನಪ್ರಿಯ ನಂಬಿಕೆಗೆ ಇದು ಹೊಂದುವುದಿಲ್ಲ.

ಎರಡನೆಯ ದಾರಿ ಹುಟ್ಟಿನಿಂದ ಬಂದ ಜೀನ್‌ಗಳದ್ದು. ಕಾಯಿಲೆ ಬಿದ್ದ ಮಾತ್ರಕ್ಕೆ ಯಾರ ಜೀನ್‌ಗಳೂ ಬದಲಾಗುವುದಿಲ್ಲ. ಎಲ್‌ಡಿಎಲ್ ಕಡಿಮೆಯಾಗಿಯೇ ಇರುವಂತೆ ಹುಟ್ಟಿದವರಿಗೆ ಸೆಪ್ಸಿಸ್ (ಸೋಂಕಿನಿಂದ ನಂಜೇರಿ ಅಂಗಾಂಗಗಳು ಕೆಡುವ ಸ್ಥಿತಿ) ಹೆಚ್ಚು ಬರುತ್ತಿದ್ದರೆ, ಎಲ್‌ಡಿಎಲ್ ಇಳಿಕೆಯೇ ದೋಷಿ ಎನ್ನಬಹುದಿತ್ತು. ಅಮೆರಿಕದ ಟೆನ್ನೆಸ್ಸಿಯ ವ್ಯಾಂಡರ್‌ಬಿಲ್ಟ್ ವೈದ್ಯಕೀಯ ಕೇಂದ್ರದಲ್ಲಿ ಸೋಂಕಿನಿಂದ ದಾಖಲಾದ 61 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಕೇಳಿತು. ಅಳತೆಯಲ್ಲಿ ಎಲ್‌ಡಿಎಲ್ ಕಡಿಮೆ ಇದ್ದವರಲ್ಲಿ ಸೆಪ್ಸಿಸ್ ಹೆಚ್ಚೇ ಇತ್ತು. ಆದರೆ ಅವರಿಗಿದ್ದ ಬೇರೆ ಕಾಯಿಲೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಆ ನಂಟು ಉಳಿಯಲಿಲ್ಲ, ಜೀನ್‌ಗಳ ಮೂಲಕ ನೋಡಿದಾಗಲೂ ಕಾಣಲಿಲ್ಲ. ಸರಳವಾಗಿ ಹೇಳಬೇಕೆಂದರೆ, ಮೊದಲೇ ಸೊರಗಿದ ದೇಹದಲ್ಲಿ ಎಲ್‌ಡಿಎಲ್ ಕಡಿಮೆ ಇರುತ್ತದೆ, ಆ ದೇಹಕ್ಕೆ ಸೋಂಕು ತಡೆದುಕೊಳ್ಳುವ ಶಕ್ತಿಯೂ ಕಡಿಮೆ ಇರುತ್ತದೆ. ಎಚ್‌ಡಿಎಲ್ ವಿಷಯದಲ್ಲಿ ಉತ್ತರ ಸ್ವಲ್ಪ ಬೇರೆ. ಬ್ರಿಟನ್ನಿನ ಬಯೋಬ್ಯಾಂಕ್ ಎಂಬ ಆರೋಗ್ಯ ಮಾಹಿತಿಯ ಭಂಡಾರದಲ್ಲಿರುವ 4 ಲಕ್ಷಕ್ಕೂ ಮಿಕ್ಕಿದ ಜನರ ಮಾಹಿತಿಯಿಂದ 2020ರಲ್ಲಿ ಬಂದ ವಿಶ್ಲೇಷಣೆಯಲ್ಲಿ, ಹುಟ್ಟಿನಿಂದಲೇ ಎಚ್‌ಡಿಎಲ್ ಹೆಚ್ಚಿರುವವರು ಸೋಂಕಿನಿಂದ ಆಸ್ಪತ್ರೆ ಸೇರುವುದು ಕಡಿಮೆ ಎಂದು ಕಂಡುಬಂದಿದೆ. ಆದ್ದರಿಂದ ಎಚ್‌ಡಿಎಲ್‌ಗೆ ರಕ್ಷಣೆಯ ಪಾತ್ರ ಸ್ವಲ್ಪವಾದರೂ ಇದೆಯೆಂದು ನಾನು ನಂಬುತ್ತೇನೆ.

ಆದರೆ ಈ ನಂಬಿಕೆಯಿಂದ ಔಷಧಿಯ ಅಂಗಡಿಗೆ ಓಡುವಂತಿಲ್ಲ. ಎಚ್‌ಡಿಎಲ್ ಏರಿಸುವ ಔಷಧಿಗಳನ್ನು ಹೃದ್ರೋಗಿಗಳ ಮೇಲೆ ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿ ನೋಡಿಯಾಗಿದೆ. ಟಾರ್ಸೆಟ್ರಾಪಿಬ್ ಎಂಬ ಔಷಧಿ ಎಚ್‌ಡಿಎಲ್ ಅನ್ನು ಶೇ 72ರಷ್ಟು ಏರಿಸಿತು. ಆದರೂ ಅದನ್ನು ತೆಗೆದುಕೊಂಡವರಲ್ಲಿ ಸಾವುಗಳು ಹೆಚ್ಚಾಗಿ, ಅವುಗಳಲ್ಲಿ ಸೋಂಕಿನ ಸಾವುಗಳೂ ಸೇರಿದ್ದು, 2006ರ ಡಿಸೆಂಬರಿನಲ್ಲಿ ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ನಿಯಾಸಿನ್ (ಬಿ3 ಜೀವಸತ್ವ) ಆಧಾರಿತ ಮಾತ್ರೆಯನ್ನು 25 ಸಾವಿರಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಿದ ಪ್ರಯೋಗದ ಫಲಿತಾಂಶ 2014ರಲ್ಲಿ ಹೊರಬಂದಾಗ, ಎಚ್‌ಡಿಎಲ್ ಏರಿದ್ದರೂ ಹೃದಯಕ್ಕೆ ಲಾಭವಾಗಿರಲಿಲ್ಲ, ತೀವ್ರ ಸೋಂಕುಗಳು ಇನ್ನೂ ಹೆಚ್ಚೇ ಆಗಿದ್ದವು. ವರದಿಯ ಅಂಕಿಯನ್ನು ಮೇಲೆತ್ತಿದ ಮಾತ್ರಕ್ಕೆ ಕಣದ ಕೆಲಸ ಸುಧಾರಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ. ಹೀಗಿದ್ದೂ ಎಚ್‌ಡಿಎಲ್ ಹೆಚ್ಚಿಸುವ ಪುಡಿ, ಎಣ್ಣೆ, ಕಷಾಯಗಳ ಸಂದೇಶಗಳು ನಮ್ಮ ಸಂಘಗಳ ವಾಟ್ಸಾಪ್ ಗುಂಪುಗಳಲ್ಲಿ ದಿನಬೆಳಗಾದರೆ ಬರುತ್ತಿರುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಇನ್ನು ಸ್ಟ್ಯಾಟಿನ್ ಮಾತ್ರೆಗಳ ಮಾತು. ಅಕ್ಕನ ಮಗನಂತೆ ಯೋಚಿಸುವವರು ಕೇಳಬೇಕಾದ ನೇರ ಪ್ರಶ್ನೆಯೆಂದರೆ, ಈ ಮಾತ್ರೆ ತೆಗೆದುಕೊಂಡವರಿಗೆ ಸೋಂಕು ಹೆಚ್ಚು ಬರುತ್ತದೆಯೇ ಎಂಬುದು. ಇದಕ್ಕೆ ಉತ್ತರವಿದೆ. 30 ಸಾವಿರಕ್ಕೂ ಹೆಚ್ಚು ಜನ ಭಾಗವಹಿಸಿದ್ದ ಪ್ರಯೋಗಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಮಾತ್ರೆ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಸೋಂಕಿನ ಸಂಭವದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗೆಂದು ಅದು ಸೋಂಕಿಗೆ ಮದ್ದೂ ಅಲ್ಲ. ಸೆಪ್ಸಿಸ್‌ನಿಂದ ಶ್ವಾಸಕೋಶ ಕೆಟ್ಟವರಿಗೆ ರೋಸುವಾಸ್ಟ್ಯಾಟಿನ್ ಕೊಟ್ಟು ನೋಡಿದ 2014ರ ಪ್ರಯೋಗದಲ್ಲಿ ಪ್ರಾಣ ಉಳಿಸುವ ಲಾಭ ಸಿಗಲಿಲ್ಲ. ಹೃದಯದ ಸಲುವಾಗಿ ಕೊಟ್ಟದ್ದನ್ನು ಹೃದಯದ ಸಲುವಾಗಿಯೇ ಮುಂದುವರಿಸಬೇಕು. ಐಸಿಯುವಿನಲ್ಲಿ ಯಕೃತ್ತಿಗೆ ಪೆಟ್ಟಾದಾಗ, ಅಥವಾ ಕ್ಲಾರಿಥ್ರೋಮೈಸಿನ್‌ನಂಥ ಕೆಲವು ಆಂಟಿಬಯಾಟಿಕ್‌ಗಳನ್ನು ಜೊತೆಗೆ ಕೊಡಬೇಕಾದಾಗ ವೈದ್ಯರೇ ಕೆಲವು ದಿನ ಅದನ್ನು ತಡೆಹಿಡಿಯುವುದುಂಟು; ಮನೆಗೆ ಹೊರಡುವಾಗ ಮತ್ತೆ ಯಾವಾಗ ಆರಂಭಿಸಬೇಕೆಂದು ಕೇಳಿಕೊಳ್ಳಲು ಮನೆಯವರು ಮರೆಯಬಾರದು.

ಸೋಂಕಿನ ನಂತರದ ದಿನಗಳಲ್ಲಿ ಮಾತ್ರೆ ನಿಲ್ಲಿಸುವುದು ಬೇರೆ ದಿನಗಳಲ್ಲಿ ನಿಲ್ಲಿಸುವುದಕ್ಕಿಂತ ಅಪಾಯಕರ ಎಂಬುದನ್ನು ಒತ್ತಿ ಹೇಳಲೇಬೇಕು. ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಂಭವ ಸುಮಾರು ಆರು ಪಟ್ಟು ಹೆಚ್ಚುತ್ತದೆ ಎಂದು ಕೆನಡಾದ ಅಧ್ಯಯನವೊಂದು 2018ರಲ್ಲಿ ತೋರಿಸಿದೆ. ನ್ಯುಮೋನಿಯಾದಿಂದ ಚೇತರಿಸಿಕೊಳ್ಳುತ್ತಿರುವವರ ಹೃದಯವೂ ಇಂಥದೇ ಒತ್ತಡದಲ್ಲಿರುತ್ತದೆ. ಸ್ಟೆಂಟ್ ಹಾಕಿಸಿಕೊಂಡ 64 ವರ್ಷದ ಮನುಷ್ಯರು ಅದೇ ಹೊತ್ತಿನಲ್ಲಿ, ಯಾರನ್ನೂ ಕೇಳದೆ, ಮಾತ್ರೆಯ ಡಬ್ಬಿಯನ್ನು ಬೀರುವಿಗೆ ತಳ್ಳಿದ್ದರು.

ನಮ್ಮ ಜನರಿಗೆ ಎಚ್‌ಡಿಎಲ್ ಕಡಿಮೆ ಎಂಬುದೂ ಹೊಸ ಸಂಗತಿಯಲ್ಲ. ಮಹಾರಾಷ್ಟ್ರವೂ ಸೇರಿದಂತೆ ನಾಲ್ಕು ಪ್ರದೇಶಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ 72ರಷ್ಟು ಜನರ ಎಚ್‌ಡಿಎಲ್ ಮಿತಿಗಿಂತ ಕೆಳಗಿತ್ತು. ಗಂಡಸರಿಗೆ 40, ಹೆಂಗಸರಿಗೆ 50 ಎಂಬುದು ಆ ಮಿತಿ. ಹತ್ತರಲ್ಲಿ ಏಳು ಮಂದಿಗೆ ಇರುವ ಲಕ್ಷಣವನ್ನು ಹಿಡಿದುಕೊಂಡು ನಾಳೆ ಯಾರಿಗೆ ನಂಜೇರುತ್ತದೆ ಎಂದು ಹೇಳಲಾಗದು. ಅದರ ಹಿಂದಿರುವ ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಹೊಟ್ಟೆಯ ಬೊಜ್ಜು, ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರ ತನಕ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೇ ಕಳೆಯುವ ನಮ್ಮ ಹೋಟೆಲಿನವರ ದಿನಚರಿ, ಇವೇ ಎಚ್‌ಡಿಎಲ್ ಅನ್ನು ಇಳಿಸುತ್ತವೆ. ಇವುಗಳಲ್ಲಿ ಸಕ್ಕರೆ ಕಾಯಿಲೆಯೂ ಧೂಮಪಾನವೂ ಸೋಂಕಿಗೂ ಬಾಗಿಲು ತೆರೆಯುತ್ತವೆ.

ತೀವ್ರ ಸೋಂಕಿನ ಭಯ ಸುಳ್ಳೆಂದು ನಾನು ಹೇಳುತ್ತಿಲ್ಲ. 2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ 89 ಲಕ್ಷ ಜನರಿಗೆ ಸೆಪ್ಸಿಸ್ ಆಗಿ, 1 ಕೋಟಿ 10 ಲಕ್ಷ ಜನ ಅದರೊಡನೆ ತೀರಿಕೊಂಡರೆಂಬ ಅಂದಾಜು 2020ರಲ್ಲಿ ಪ್ರಕಟವಾಗಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ನೆರೆನೀರಿನಲ್ಲಿ ನಡೆದವರಿಗೆ ಲೆಪ್ಟೊಸ್ಪೈರೋಸಿಸ್ ಎಂಬ ಇಲಿಜ್ವರ ಹರಡಿದಾಗ ನಾನು ಲ್ಯಾಬಿನಲ್ಲಿದ್ದೆ. ಆ ವಾರಗಳಲ್ಲಿ ವಾರ್ಡಿನ ವೈದ್ಯರು ಓಡಿಬಂದು ಕೇಳುತ್ತಿದ್ದದ್ದು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಯಕೃತ್ತಿನ ಸ್ಥಿತಿ ತಿಳಿಸುವ ಬಿಲಿರುಬಿನ್, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್. ಒಬ್ಬರೂ ಕೊಲೆಸ್ಟ್ರಾಲ್ ಕೇಳಿದ ನೆನಪಿಲ್ಲ. ಇಂದಿಗೂ ಮನೆಯವರು ಗಮನಿಸಬೇಕಾದದ್ದು ಬೇರೆ ಲಕ್ಷಣಗಳನ್ನು: ಜ್ವರದವರ ಉಸಿರಾಟ ನಿಮಿಷಕ್ಕೆ 22ಕ್ಕೆ ಏರಿದೆಯೇ, ಮೇಲಿನ ರಕ್ತದೊತ್ತಡ 100ಕ್ಕೆ ಇಳಿದಿದೆಯೇ, ಮಾತು ತೊದಲುತ್ತಿದೆಯೇ, ಮಂಕು ಕವಿದಿದೆಯೇ, ಮೂತ್ರ ಕಡಿಮೆಯಾಗಿದೆಯೇ. ಇವು ಕಂಡರೆ ರಾತ್ರಿಯೆನ್ನದೆ ಹೊರಡಬೇಕು. ಭಾವನವರ ವಿಷಯದಲ್ಲಿ ಅಕ್ಕ "ಬೆಳಗಾಗಲಿ" ಎಂದು ಕಾಯದೆ ಎರಡು ಗಂಟೆ ರಾತ್ರಿಗೆ ರಿಕ್ಷಾ ಹಿಡಿದದ್ದೇ ಅವರನ್ನು ಉಳಿಸಿತು ಎಂದು ನಾನು ಇಂದಿಗೂ ಭಾವಿಸುತ್ತೇನೆ.

ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಆ ಕಿರುಬರಹದ ಮುಂದುವರಿಕೆಯಾಗಿ, ತೀವ್ರ ಕಾಯಿಲೆಯ ನಡುವೆ ಮಾಡಿಸಿದ ಲಿಪಿಡ್ ವರದಿಯನ್ನು ನೋಡಿ ಯಾರೂ ಮಾತ್ರೆ ಬದಲಿಸಬಾರದು, ಚೇತರಿಸಿಕೊಂಡ ಆರೆಂಟು ವಾರಗಳ ನಂತರ ಮತ್ತೆ ಪರೀಕ್ಷಿಸಿ ವೈದ್ಯರಿಗೆ ತೋರಿಸಬೇಕು ಎಂಬ ಎರಡು ಸಾಲನ್ನು ಅದೇ ಪುಟದಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ ಪ್ರಕಟಿಸಬೇಕು. ತಮ್ಮ ಪತ್ರಿಕೆಯನ್ನು ಇಲ್ಲಿ ಹಿರಿಯರು ಅಕ್ಷರ ಬಿಡದೆ ಓದುತ್ತಾರೆ, ಓದಿದ್ದನ್ನು ಪಾಲಿಸುತ್ತಾರೆ. ಅದಕ್ಕಾಗಿಯೇ ಇಷ್ಟು ಒತ್ತಾಯಿಸುತ್ತಿದ್ದೇನೆ. ಮಾಟುಂಗಾದಿಂದ ಕಲ್ಯಾಣದ ತನಕ ಭಾನುವಾರಗಳಂದು ಆರೋಗ್ಯ ಶಿಬಿರ ನಡೆಸುವ ನಮ್ಮ ಸಂಘಸಂಸ್ಥೆಗಳ ಪದಾಧಿಕಾರಿಗಳಲ್ಲಿಯೂ ಒಂದು ಕೋರಿಕೆಯಿದೆ. ರಕ್ತ ತೆಗೆಯುವ ಮೊದಲು ತುಂಬಿಸುವ ಚೀಟಿಯಲ್ಲಿ, ಕಳೆದ ಎರಡು ತಿಂಗಳಲ್ಲಿ ಜ್ವರ, ಶಸ್ತ್ರಚಿಕಿತ್ಸೆ ಅಥವಾ ಆಸ್ಪತ್ರೆವಾಸ ಆಗಿತ್ತೇ ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಸೇರಿಸಲಿ. ಹೌದೆಂದವರ ವರದಿಯ ಮೇಲೆ ಅದನ್ನು ಬರೆದೇ ಕೊಡಲಿ. 65 ದಾಟಿದವರಿಗೂ ಸಕ್ಕರೆ ಕಾಯಿಲೆಯವರಿಗೂ ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ ಎಂಬ ಸಲಹೆಯೂ ಆ ಚೀಟಿಯಲ್ಲಿದ್ದರೆ ಉಪಕಾರವಾದೀತು.

ಭಾವನವರು ಹೃದ್ರೋಗ ತಜ್ಞರನ್ನು ಕಂಡು ಮಾತ್ರೆಯನ್ನು ಮತ್ತೆ ಆರಂಭಿಸಿದ್ದಾರೆ. ಕಳೆದ ವಾರ, ಕಾಯಿಲೆ ಗುಣವಾದ ಎಂಟನೆಯ ವಾರದಲ್ಲಿ ಬಂದ ವರದಿಯಲ್ಲಿ ಅವರ ಎಚ್‌ಡಿಎಲ್ 33ಕ್ಕೆ ಮರಳಿದೆ. ಮುಂದಿನ ಶಿಬಿರಕ್ಕಾಗಿ ಮೇಲೆ ಹೇಳಿದ ಚೀಟಿಯ ಕನ್ನಡ ಮಾದರಿಯೊಂದನ್ನು ನಾನು ಬರೆದಿಟ್ಟಿದ್ದೇನೆ. ಯಾವ ಸಂಘದವರು ಕೇಳಿದರೂ ತಮ್ಮ ಕಚೇರಿಯ ಮೂಲಕ ಕಳಿಸಿಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಲ್ಯಾಬ್ ತಂತ್ರಜ್ಞೆ,
ಡೊಂಬಿವಲಿ ಪೂರ್ವ